ಆಕಾಶದ ಶಾನುಭೋಗ

ಶಿರಾದಿಂದ ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ನಮ್ಮ ತಾವರೆಕೆರೆ ಸಿಗುತ್ತದೆ. ಮಳೆ ಕಡಿಮೆಯ ಸೀಮೆ. ಇಲ್ಲಿ ಕೆರೆ ಕೋಡಿ ಬಿದ್ದ ವರ್ಷವನ್ನು ಜನ ಮನೆಯ ಮದುವೆ, ಸಾವುಗಳ ಜೊತೆಗೆ ನೆನಪಿಟ್ಟುಕೊಳ್ಳುತ್ತಾರೆ. ‘ನಿಮ್ಮ ಚಿಕ್ಕಪ್ಪನ ಮದುವೆ ವರ್ಷ ಕೆರೆ ತುಂಬಿತ್ತು ಕಣಪ್ಪ’ ಎಂದು ಅಜ್ಜಿ ಹೇಳುತ್ತಿದ್ದಳು. ‘ಇಲ್ಲ, ಅದರ ಹಿಂದಿನ ವರ್ಷ’ ಎಂದು ಅಪ್ಪ ವಾದಿಸುತ್ತಿದ್ದರು. ಮದುವೆ ನಡೆದದ್ದು ತೊಂಬತ್ತರ ದಶಕದಲ್ಲಿ. ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯಲು ನಾನು ಉಪಗ್ರಹಗಳ ಹಳೆಯ ಚಿತ್ರಗಳನ್ನು ಹುಡುಕತೊಡಗಿದೆ.

ಅಮೆರಿಕ 1972ರ ಜುಲೈನಲ್ಲಿ ಹಾರಿಸಿದ ಉಪಗ್ರಹದಿಂದ ಶುರುವಾದದ್ದು ಲ್ಯಾಂಡ್‌ಸ್ಯಾಟ್ ಸರಣಿ. ಅದರ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಅವುಗಳಲ್ಲಿ ನೀರು ಕಪ್ಪಾಗಿ, ಹಸಿರು ಕೆಂಪಾಗಿ ಕಾಣುವಂತೆ ಬಣ್ಣ ಹೊಂದಿಸಬಹುದು. ಕೆರೆಯಂಗಳ ಕೆಂಪಾಗಿ ಕಂಡಿತೆಂದು ಹಿಗ್ಗಬಾರದು. ನಮ್ಮ ಕಡೆ ಅದು ಬೆಳೆಯಲ್ಲ, ಬಳ್ಳಾರಿ ಜಾಲಿ ಇದ್ದೀತು. ಹೀಗೆ ವರ್ಷದಿಂದ ವರ್ಷಕ್ಕೆ ನೋಡುತ್ತ ಬಂದೆ. ನನಗೆ ಬೇಕಾದ ಕಾಲಕ್ಕೆ ಬಂದಾಗ ಚಿತ್ರಗಳು ತೀರಾ ವಿರಳವಾಗಿದ್ದವು.

ಯಾಕೆ ಹೀಗೆ ಎಂದು ಓದಿದಾಗ ಗೊತ್ತಾಯಿತು, ನಮ್ಮ ಮನೆಯ ವಾದಕ್ಕೂ ವಾಷಿಂಗ್ಟನ್ನಿನ ಬಜೆಟ್ಟಿಗೂ ನಂಟಿದೆ. ಖರ್ಚು ತಗ್ಗಿಸಬೇಕೆಂದು ಅಮೆರಿಕದ ಸರ್ಕಾರ 1984ರಲ್ಲಿ ಕಾನೂನು ಮಾಡಿ ಲ್ಯಾಂಡ್‌ಸ್ಯಾಟ್‌ನ ವ್ಯವಹಾರವನ್ನು ಖಾಸಗಿಗೆ ವಹಿಸಲು ಹೊರಟಿತು. ಮರುವರ್ಷ ಇಯೋಸ್ಯಾಟ್ ಎಂಬ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಒಂದೊಂದು ಚಿತ್ರದ ಬೆಲೆ ಸಾವಿರಾರು ಡಾಲರಿಗೆ ಏರಿತು. ಕೊಳ್ಳುವವರಿಲ್ಲದ ನೆಲದ ಚಿತ್ರ ತೆಗೆಯುವುದೇ ಕಡಿಮೆಯಾಯಿತು. 1989ರಲ್ಲಂತೂ ನಡೆಸಲು ಹಣವಿಲ್ಲವೆಂದು, ಇನ್ನೂ ಕೆಲಸ ಮಾಡುತ್ತಿದ್ದ ಲ್ಯಾಂಡ್‌ಸ್ಯಾಟ್ 4 ಮತ್ತು 5ನ್ನು ನಿಲ್ಲಿಸಲು ಆದೇಶವಾಯಿತು. ದೇಶವಿದೇಶಗಳ ಬಳಕೆದಾರರು ಪ್ರತಿಭಟಿಸಿದರು, ಉಪಾಧ್ಯಕ್ಷರು ಮಧ್ಯೆ ಬಂದರು, ಉಪಗ್ರಹಗಳು ಉಳಿದವು. ಮೂರು ವರ್ಷ ಬಾಳಲೆಂದು ಕಟ್ಟಿದ್ದ ಲ್ಯಾಂಡ್‌ಸ್ಯಾಟ್ 5 ಸುಮಾರು 29 ವರ್ಷ ದುಡಿಯಿತು. 1993ರಲ್ಲಿ ಹಾರಿಸಿದ ಲ್ಯಾಂಡ್‌ಸ್ಯಾಟ್ 6 ಕಕ್ಷೆ ಸೇರಲೇ ಇಲ್ಲ.

ಅದೇ ಹೊತ್ತಿಗೆ ನಮ್ಮವರು ಬೇರೆ ದಾರಿ ಹಿಡಿದಿದ್ದರು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, ಬೆಂಗಳೂರಿನಲ್ಲಿ ಕಟ್ಟಿದ ಐಆರ್‌ಎಸ್-1ಎ ಉಪಗ್ರಹ 1988ರ ಮಾರ್ಚ್ 17ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. 1995ರ ಡಿಸೆಂಬರಿನಲ್ಲಿ ಹೋದ ಐಆರ್‌ಎಸ್-1ಸಿ 6 ಮೀಟರಿಗಿಂತ ಚಿಕ್ಕ ಗುರುತನ್ನೂ ಹಿಡಿಯುತ್ತಿತ್ತು. ಅಮೆರಿಕದ ಇಯೋಸ್ಯಾಟ್ ಕಂಪನಿಯೇ ನಮ್ಮ ಉಪಗ್ರಹಗಳ ಚಿತ್ರ ಮಾರುವಂತಾಯಿತು.

ಇದನ್ನು ಓದಿ ಹೆಮ್ಮೆಪಟ್ಟೆ, ನಿಜ. ಆದರೆ ಹೊಸ ಕಣ್ಣು ಮುಂದಿನದನ್ನು ನೋಡಬಲ್ಲದೇ ಹೊರತು, ಹಳೆಯ ಕಣ್ಣು ನೋಡದೆ ಬಿಟ್ಟದ್ದನ್ನಲ್ಲ. ಹಿಂದೆ ಊರಿನ ಶಾನುಭೋಗರು ವರ್ಷವರ್ಷ ಜಮೀನು, ಬೆಳೆಗಳ ಲೆಕ್ಕ ಬರೆಯುತ್ತಿದ್ದರು. ಒಂದು ವರ್ಷ ಬಿಟ್ಟರೆ ಆಮೇಲೆ ಬರೆಯುವುದು ಲೆಕ್ಕವಲ್ಲ, ಊಹೆ.

2025ರಲ್ಲಿ ಅಮೆರಿಕದ ಆಡಳಿತ ನಾಸಾದ ವಿಜ್ಞಾನದ ಹಣವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುವ ಪ್ರಸ್ತಾವ ಮುಂದಿಟ್ಟಿತು. 2014ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿರುವ, ಇನ್ನೂ ಗಟ್ಟಿಯಾಗಿರುವ ಓಸಿಓ-2 ಉಪಗ್ರಹವೂ ನಿಲ್ಲಿಸಬೇಕಾದವುಗಳ ಪಟ್ಟಿಯಲ್ಲಿತ್ತು. ಪ್ರಸ್ತಾವವೆಲ್ಲ ಜಾರಿಯಾಗಬೇಕೆಂದಿಲ್ಲ, ಹಣ ಮಂಜೂರು ಮಾಡುವುದು ಅಲ್ಲಿನ ಸಂಸತ್ತು. ಅದೇ ವರ್ಷ ಜುಲೈ 30ರಂದು ನಾಸಾ ಮತ್ತು ಇಸ್ರೋ ಸೇರಿ ಕಟ್ಟಿದ ನೈಸಾರ್ ಶ್ರೀಹರಿಕೋಟೆಯಿಂದ ಹಾರಿತು. ಹಾಗಾಗಿ ಅಲ್ಲಿನ ಕತ್ತರಿ ನಮಗೆ ಸಂಬಂಧವಿಲ್ಲದ ಸುದ್ದಿಯಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಹೋದ ವರ್ಷದ ಚಿತ್ರವೂ ಹಾಗೆಯೇ, ಈಗ ಎಷ್ಟು ಕೋಟಿ ಸುರಿದರೂ ತೆಗೆಯಲಾಗದು. ಅಜ್ಜಿ ಈಗಿಲ್ಲ. ಚಿಕ್ಕಪ್ಪನ ಮದುವೆಯ ವರ್ಷ ಕೆರೆ ತುಂಬಿತ್ತೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.