ಬುದ್ಧಿಮಾತಿನಿಂದ ಬಿರಡೆಯವರೆಗೆ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿ ಒಂದು ಲೇಖನ ಬರೆದರು. ಸೀಸದ ವಿಷವೇರಿ ತಮ್ಮ ಬಳಿ ಬರುತ್ತಿದ್ದ ಮಕ್ಕಳಿಗೆ ಆ ವಿಷ ಸಿಗುತ್ತಿದ್ದುದು ಸ್ವಂತ ಮನೆಯಲ್ಲೇ ಎಂಬುದು ಅದರ ತಿರುಳು. ಜಗಲಿಯ ಕಟಾಂಜನಕ್ಕೆ ಬಳಿದ ಬಣ್ಣ ಬಿಸಿಲಿಗೆ ಪುಡಿಯೇಳುತ್ತಿತ್ತು. ಆ ಪುಡಿ ಬೆರಳು ಚೀಪುವ, ಉಗುರು ಕಚ್ಚುವ ಮಕ್ಕಳ ಹೊಟ್ಟೆ ಸೇರುತ್ತಿತ್ತು. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯ ಇದಕ್ಕೆ ಕಾನೂನು ತಂದದ್ದು 1922ರಲ್ಲಿ. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ 1999ರಲ್ಲೇ ಬೆಂಗಳೂರಿನಲ್ಲಿ ಸೀಸವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತುಪ್ಪಿಲ್ ವೆಂಕಟೇಶ್ ಅಂಥವರು ಊರೂರು ತಿರುಗಿ ಎಚ್ಚರಿಸುತ್ತಿದ್ದರು. ಮರುವರ್ಷ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣದ ಡಬ್ಬಿಯಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮಿತಿ ಬಿದ್ದದ್ದು ಮಾತ್ರ 2017ರ ನವೆಂಬರಿನಲ್ಲಿ, ಗಿಬ್ಸನ್ ಬರೆದ 113 ವರ್ಷಗಳ ಮೇಲೆ.

ಈ ನಡುವೆಯೆಲ್ಲ ತಾಯಂದಿರಿಗೆ ಸಿಕ್ಕಿದ್ದು ಉಪದೇಶ: ಮಗು ಬಾಯಿಗೆ ಕೈ ಹಾಕದಂತೆ ನೋಡಿಕೊಳ್ಳಿ. ಎರಡು ವರ್ಷದ ಮಗುವಿನ ಕೈಯನ್ನು ಬಾಯಿಂದ ದೂರವಿಟ್ಟ ಮಹಾತಾಯಿ ಯಾವ ಊರಲ್ಲಿದ್ದಾಳೋ!

ಉಪದೇಶ ಬಿಟ್ಟು ವಸ್ತುವನ್ನೇ ತಿದ್ದಿದರೆ ಏನಾಗುತ್ತದೆಂದು ತೋರಿಸಿದವರು ಕೆನಡಾದ ವಿಂಡ್ಸರ್ ಊರಿನ ಮಕ್ಕಳ ವೈದ್ಯ ಹೆನ್ರಿ ಬ್ರೋ. ಆಸ್ಪಿರಿನ್ ನುಂಗಿದ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಕೊಟ್ಟು ಬೇಸತ್ತು, ಅಂಗೈಯಿಂದ ಅದುಮಿ ತಿರುಗಿಸಿದರೆ ಮಾತ್ರ ತೆರೆಯುವ ಬಿರಡೆಯನ್ನು ಅವರು 1967ರಲ್ಲಿ ಬಳಕೆಗೆ ತಂದರು. ಅಮೆರಿಕ 1970ರಲ್ಲಿ ಅದೇ ದಾರಿಯಲ್ಲಿ ಕಾನೂನು ಮಾಡಿತು. ಅದರ ಪರೀಕ್ಷೆ ನೋಡಬೇಕು: ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳನ್ನು ಜೋಡಿಜೋಡಿಯಾಗಿ ಕೂರಿಸಿ ಬಾಟಲಿ ಕೊಡುತ್ತಾರೆ. ಐದು ನಿಮಿಷ ಕಾದು, ತೆರೆಯುವ ಬಗೆಯನ್ನು ಕಣ್ಣೆದುರೇ ತೋರಿಸುತ್ತಾರೆ. ಹಲ್ಲು ಹಾಕಿದರೂ ಅಡ್ಡಿಯಿಲ್ಲ ಎಂದು ಹೇಳಿ ಮತ್ತೈದು ನಿಮಿಷ ಬಿಡುತ್ತಾರೆ. ತೋರಿಸಿಕೊಟ್ಟ ಮೇಲೂ ನೂರಕ್ಕೆ 80 ಮಕ್ಕಳು ಸೋಲಬೇಕು. 1995ರಲ್ಲಿ ಇದಕ್ಕೆ 50ರಿಂದ 70 ವಯಸ್ಸಿನವರು ತೆರೆಯಬಲ್ಲರೇ ಎಂಬ ಪರೀಕ್ಷೆಯೂ ಸೇರಿತು. ಬೆರಳ ಗೆಣ್ಣು ನೋಯುವ ಅಜ್ಜಿಗೆ ತೆರೆಯಲಾಗದ ಬಿರಡೆ ಮನೆಯಲ್ಲಿ ಸದಾ ತೆರೆದೇ ಇರುತ್ತದೆ. ಕಾನೂನು ಬರೆಯುವವರಿಗೆ ಇಷ್ಟು ಲೋಕಜ್ಞಾನ ಇರುವುದು ಅಪರೂಪ.

ನಮ್ಮ ಮನೆಗಳಲ್ಲಿ ಬಿರಡೆಯ ಆಟ ಅಷ್ಟಾಗಿ ನಡೆಯುವುದಿಲ್ಲ. ಸೀಮೆಎಣ್ಣೆ, ಥಿನ್ನರ್, ಫಿನೈಲುಗಳನ್ನು ಹಳೆಯ ನೀರಿನ ಬಾಟಲಿಗೋ ಜ್ಯೂಸಿನ ಬಾಟಲಿಗೋ ಸುರಿದಿಡುವುದು ವಾಡಿಕೆ. ಸೀಮೆಎಣ್ಣೆ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ಅದು ಶ್ವಾಸಕೋಶಕ್ಕಿಳಿದು ಅಪಾಯ ಇಮ್ಮಡಿಯಾಗುತ್ತದೆ.

ಆಟಿಕೆಗಳ ವಿಷಯದಲ್ಲಿ ಭಾರತ ತಡವಾಗಿ ಎಚ್ಚೆತ್ತರೂ ಗಟ್ಟಿಯಾಗಿಯೇ ಎಚ್ಚೆತ್ತಿತು. 2020ರ ಆದೇಶ 2021ರ ಜನವರಿ 1ರಿಂದ ಜಾರಿಯಾಗಿ, 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಇದರ ಹಿಂದೆ ಮಕ್ಕಳ ಮೇಲಿನ ಕಾಳಜಿಯಷ್ಟೇ ಚೀನಾದ ಅಗ್ಗದ ಮಾಲು ತಡೆಯುವ ಲೆಕ್ಕವೂ ಇತ್ತು. ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ ಏರಿದ್ದೂ 2020ರಲ್ಲೇ. ನೋಂದಾಯಿತ ಕುಶಲಕರ್ಮಿಗಳಿಗೆ ಮತ್ತು ಭೌಗೋಳಿಕ ಗುರುತು ಪಡೆದ ಕಸುಬುಗಳಿಗೆ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣದ ಗೊಂಬೆಗಳು ಬದುಕಿಕೊಂಡವು. ಹಾಲೆಮರದ ಮೇಲೆ ಅರಗು, ಸಸ್ಯಜನ್ಯ ಬಣ್ಣ ಏರಿಸುವ ಹಳೆಯ ಕಸುಬಿಗೆ ಅದು ನ್ಯಾಯವೇ. ಆದರೆ ವಿನಾಯಿತಿ ಕಸುಬುದಾರನಿಗೆ ಸಿಕ್ಕಿದೆ, ಅವನು ಬಳಸುವ ಬಣ್ಣಕ್ಕಲ್ಲ. ಪೇಟೆಯ ಎನಾಮೆಲ್ ಬಳಿದರೆ ಕೊಳ್ಳುವವರಿಗೆ ತಿಳಿಯುವುದು ಹೇಗೆ?

ಹೊಸ ಶತ್ರು ಬಟನ್ ಸೆಲ್. 20 ಮಿಲಿಮೀಟರ್ ಅಗಲದ ಲಿಥಿಯಂ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ; ಎರಡೇ ಗಂಟೆಯಲ್ಲಿ ಒಳಗೋಡೆ ಸುಡಬಹುದು. ಕೆಲಸಕ್ಕೆ ಬಾರದೆಂದು ತೆಗೆದಿಟ್ಟ ಸೆಲ್ಲಿನಲ್ಲೂ ಇಷ್ಟಕ್ಕೆ ಬೇಕಾದ ಕಸುವು ಉಳಿದಿರುತ್ತದೆ. ಬಟನ್ ಸೆಲ್‌ಗಳ ಬಗ್ಗೆ ಆಸ್ಟ್ರೇಲಿಯಾದ ಕಡ್ಡಾಯ ನಿಯಮ 2022ರ ಜೂನ್‌ನಲ್ಲಿ ಜಾರಿಯಾಯಿತು. ಎರಡು ತಿಂಗಳಲ್ಲೇ ಅಮೆರಿಕ, ಸೆಲ್ ನುಂಗಿ ತೀರಿಕೊಂಡ ಹಸುಳೆಯೊಂದರ ಹೆಸರಿನಲ್ಲೇ ಕಾನೂನು ಮಾಡಿತು. ನಮ್ಮ ಆಟಿಕೆ ಆದೇಶದ ವ್ಯಾಪ್ತಿಗೆ ಟಿವಿ ರಿಮೋಟ್, ಥರ್ಮಾಮೀಟರ್, ದೀಪಾವಳಿಯ ಬ್ಯಾಟರಿ ಹಣತೆ ಇವು ಯಾವುವೂ ಬರುವುದಿಲ್ಲ, ಏಕೆಂದರೆ ಇವು ಆಟಿಕೆಗಳಲ್ಲ. ಹಾಗಾಗಿ ಇಲ್ಲಿ ಸದ್ಯಕ್ಕೆ ಬುದ್ಧಿಮಾತೇ ಗತಿ: ಸಡಿಲ ಮುಚ್ಚಳಕ್ಕೆ ಗಟ್ಟಿ ಟೇಪು ಸುತ್ತಿ, ಹಳೆಯ ಸೆಲ್ ಮೇಜಿನ ಮೇಲೆ ಬಿಡಬೇಡಿ, ಮಗು ನುಂಗಿರಬಹುದೆಂಬ ಅನುಮಾನ ಬಂದರೆ, ಮಲದಲ್ಲಿ ಹೋಗಲಿ ಎಂದು ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೊರಡಿ.