ರಕ್ತ ಪರಿಚಲನೆ: ಶೋಧದ ಇತಿಹಾಸ

ಹೃದಯದಿಂದ ಹೊರಟ ರಕ್ತ ಅಪಧಮನಿಗಳಲ್ಲಿ ಹರಿದು ದೇಹವನ್ನೆಲ್ಲ ಸುತ್ತಿ, ಅಭಿಧಮನಿಗಳ ಮೂಲಕ ಹೃದಯಕ್ಕೇ ಮರಳುತ್ತದೆ ಎಂಬುದು ವೈದ್ಯಶಾಸ್ತ್ರದಲ್ಲಿ ಸ್ಥಿರಪಟ್ಟದ್ದು 17ನೆಯ ಶತಮಾನದಲ್ಲಿ. ಅಲ್ಲಿಯವರೆಗೆ ಸುಮಾರು 1400 ವರ್ಷ ಯುರೋಪಿನಲ್ಲಿ ನಡೆದದ್ದು ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್‌ನ ಮಾತು. ಉಂಡ ಆಹಾರ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಅಲ್ಲಿಂದ ಅಂಗಾಂಗಗಳಿಗೆ ಹರಿದು ಅಲ್ಲೇ ಮುಗಿದುಹೋಗುತ್ತದೆ ಎಂದು ಅವನು ಹೇಳಿದ್ದ. ಒಂದಷ್ಟು ರಕ್ತ ಹೃದಯದ ನಡುಗೋಡೆಯಲ್ಲಿರುವ, ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಬಲಗಡೆಯಿಂದ ಎಡಗಡೆಗೆ ಜಿನುಗುತ್ತದೆ ಎಂದೂ ಭಾವಿಸಿದ್ದ. ಗ್ಯಾಲನ್ ಕೇವಲ ಊಹೆಯ ಮೇಲೆ ನಡೆದವನಲ್ಲ. ಅಪಧಮನಿಗಳಲ್ಲಿ ಇರುವುದು ಗಾಳಿ ಎಂಬ ಹಳೆಯ ನಂಬಿಕೆಯನ್ನು, ಜೀವಂತ ಪ್ರಾಣಿಯ ಅಪಧಮನಿಯನ್ನು ಎರಡು ಕಡೆ ಕಟ್ಟಿ ನಡುವೆ ಕೊಯ್ದು ಸುಳ್ಳು ಮಾಡಿದವನು ಅವನೇ. ಮುಂದಿನವರು ಅವನ ಪ್ರಯೋಗಬುದ್ಧಿಯನ್ನು ಬಿಟ್ಟು ತೀರ್ಮಾನಗಳನ್ನಷ್ಟೇ ಹಿಡಿದುಕೊಂಡರು.

ನಡುಗೋಡೆಯ ರಂಧ್ರಗಳನ್ನು ಮೊದಲು ಅಲ್ಲಗಳೆದವನು ಡಮಾಸ್ಕಸ್ ಸೀಮೆಯಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ್ದ ವೈದ್ಯ ಇಬ್ನ್ ಅಲ್-ನಫೀಸ್. ಗೋಡೆ ದಪ್ಪವಾಗಿದೆ, ಅದರಲ್ಲಿ ದಾರಿಯೇ ಇಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಗಡೆಗೆ ಹೋಗಬೇಕು ಎಂದು 13ನೆಯ ಶತಮಾನದಲ್ಲೇ ಬರೆದ. ಈ ಬರಹ ಬಹುಕಾಲ ಮರೆಯಲ್ಲೇ ಇತ್ತು. ಅದರ ಮಹತ್ವ ಇಂದಿನ ವಿದ್ವಾಂಸರ ಗಮನಕ್ಕೆ ಬಂದದ್ದು 1924ರಲ್ಲಿ, ಬರ್ಲಿನ್ನಿನ ಹಸ್ತಪ್ರತಿಯೊಂದರಿಂದ. ಯುರೋಪಿನಲ್ಲಿ ಇದೇ ಮಾತನ್ನು 1553ರಲ್ಲಿ ಮೈಕೇಲ್ ಸರ್ವೀಟಸ್, 1559ರಲ್ಲಿ ರಿಯಾಲ್ಡೊ ಕೊಲಂಬೊ ಹೇಳಿದರು. ಸರ್ವೀಟಸ್ ಇದನ್ನು ಬರೆದದ್ದು ಧರ್ಮಶಾಸ್ತ್ರದ ಪುಸ್ತಕದಲ್ಲಿ. ಆ ಪುಸ್ತಕದ ಧಾರ್ಮಿಕ ಮತಗಳಿಗಾಗಿ ಅದೇ ವರ್ಷ ಜಿನೀವಾದಲ್ಲಿ ಅವನನ್ನು ಜೀವಂತ ಸುಟ್ಟರು.

ಇಂಗ್ಲೆಂಡಿನ ವಿಲಿಯಂ ಹಾರ್ವೆ (1578–1657) ಪದುವಾದಲ್ಲಿ ಫ್ಯಾಬ್ರಿಸಿಯಸ್‌ನ ಶಿಷ್ಯ. ಅಭಿಧಮನಿಗಳ ಕವಾಟಗಳನ್ನು ಗುರು ಸೊಗಸಾಗಿ ಚಿತ್ರಿಸಿದ್ದನಾದರೂ, ರಕ್ತ ಕೈಕಾಲುಗಳಲ್ಲಿ ತುಂಬಿ ನಿಲ್ಲದಂತೆ ಅವು ತಡೆಯುತ್ತವೆ ಎಂದಷ್ಟೇ ತಿಳಿದಿದ್ದ. ಹಾರ್ವೆ ಹಿಡಿದದ್ದು ಲೆಕ್ಕದ ದಾರಿ. ಒಂದು ಬಡಿತಕ್ಕೆ ಹೃದಯ ಅರ್ಧ ಔನ್ಸ್ ರಕ್ತ ಹೊರದೂಡಿದರೂ, ಅರ್ಧ ಗಂಟೆಯ 1000 ಬಡಿತಗಳಿಗೆ 500 ಔನ್ಸ್, ಅಂದರೆ ಸುಮಾರು 14 ಕಿಲೋ ಆಗುತ್ತದೆ. ಇಡೀ ದೇಹದಲ್ಲೂ ಅಷ್ಟು ರಕ್ತವಿಲ್ಲ; ತಿಂದ ಅನ್ನದಿಂದ ಅಷ್ಟು ಬೇಗ ಅಷ್ಟು ರಕ್ತ ಹುಟ್ಟುವುದೂ ಸಾಧ್ಯವಿಲ್ಲ. ಹಾಗಾದರೆ ಅದೇ ರಕ್ತ ಮರಳಿ ಬರುತ್ತಿರಬೇಕು. ಅವನ ಅಂಕಿಗಳು ತೀರ ಕಡಿಮೆಯವು: ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರದೂಡುತ್ತದೆ. ಅಂಕಿ ಎಷ್ಟು ಇಳಿಸಿದರೂ ವಾದ ಬೀಳುವುದಿಲ್ಲ ಎಂಬುದೇ ಅದರ ಬಲ.

ಅವನ ಇನ್ನೊಂದು ಪ್ರಯೋಗವನ್ನು ಯಾರೂ ಮಾಡಿ ನೋಡಬಹುದಿತ್ತು. ತೋಳಿಗೆ ಪಟ್ಟಿ ಕಟ್ಟಿದಾಗ ನರಗಳೆಂದು ನಾವು ಕರೆಯುವ ಅಭಿಧಮನಿಗಳು ಉಬ್ಬುತ್ತವೆ; ಕವಾಟವಿರುವಲ್ಲಿ ಸಣ್ಣ ಗಂಟು ಕಾಣುತ್ತದೆ. ಒಂದು ಬೆರಳಿನಿಂದ ಅಭಿಧಮನಿಯನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಕವಾಟದಾಚೆಗೆ ಸವರಿದರೆ ಆ ತುಂಡು ಖಾಲಿಯಾಗಿ ಉಳಿಯುತ್ತದೆ. ಮೇಲಿನಿಂದ ರಕ್ತ ಇಳಿಯುವುದಿಲ್ಲ. ಒತ್ತಿದ ಬೆರಳು ತೆಗೆದೊಡನೆ ಕೆಳಗಿನಿಂದ ತುಂಬುತ್ತದೆ. ಕವಾಟಗಳು ತೆರೆಯುವುದು ಹೃದಯದ ದಿಕ್ಕಿಗೆ ಮಾತ್ರ. 1628ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದ ಅವನ ಕಿರುಹೊತ್ತಗೆಯಲ್ಲಿ ಇದೆಲ್ಲ ಚಿತ್ರಸಹಿತ ಇದೆ. ಪ್ಯಾರಿಸಿನ ಜಾನ್ ರಿಯೊಲಾನ್ ಮೊದಲಾದವರು ವಿರೋಧಿಸಿದರೂ ಹಾರ್ವೆಯ ಜೀವಿತಕಾಲದಲ್ಲೇ ಈ ಮತ ಬಹುಮಟ್ಟಿಗೆ ಮನ್ನಣೆ ಪಡೆಯಿತು.

ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಜಾಗವನ್ನು ಮಾತ್ರ ಹಾರ್ವೆ ಕಾಣಲಿಲ್ಲ. 1661ರಲ್ಲಿ ಇಟಲಿಯ ಮಾರ್ಸೆಲೊ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಲೋಮನಾಳಗಳನ್ನು ಕಂಡ. 1669ರಲ್ಲಿ ರಿಚರ್ಡ್ ಲೋಯರ್, ಕಪ್ಪಾದ ರಕ್ತ ಕೆಂಪೇರುವುದು ಹೃದಯದಲ್ಲಲ್ಲ, ಶ್ವಾಸಕೋಶದಲ್ಲಿ ಗಾಳಿ ತಗುಲಿ ಎಂದು ತೋರಿಸಿದ. 1733ರಲ್ಲಿ ಸ್ಟೀಫನ್ ಹೇಲ್ಸ್ ಪ್ರಕಟಿಸಿದ ಪ್ರಯೋಗದಲ್ಲಿ, ಹೆಣ್ಣುಕುದುರೆಯ ಅಪಧಮನಿಗೆ ಜೋಡಿಸಿದ ಗಾಜಿನ ಕೊಳವೆಯಲ್ಲಿ ರಕ್ತ 8 ಅಡಿಗೂ ಮೇಲೇರಿತ್ತು. ಪ್ರಾಣಿಯನ್ನು ಕೊಯ್ಯದೆ ಒತ್ತಡ ಅಳೆಯುವ ತೋಳುಪಟ್ಟಿಯನ್ನು 1896ರಲ್ಲಿ ರೀವಾ-ರೊಚ್ಚಿ ರೂಪಿಸಿದ. ಪಟ್ಟಿ ಸಡಿಲಿಸುವಾಗ ಅಪಧಮನಿಯಲ್ಲಿ ಕೇಳುವ ಸದ್ದಿನಿಂದ ಮೇಲಿನ, ಕೆಳಗಿನ ಒತ್ತಡಗಳನ್ನು ಗುರುತಿಸುವ ವಿಧಾನವನ್ನು 1905ರಲ್ಲಿ ರಷ್ಯದ ನಿಕೊಲಾಯ್ ಕೊರೊಟ್ಕೊಫ್ ವಿವರಿಸಿದ.