ಆಟದ ತಟ್ಟೆಯೂ ಆಟದ ಅನುಜ್ಞೆಯೂ

ವೀಡಿಯೊ ಆಟಗಳು ಹುಟ್ಟಿ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಾಯಿತು. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡತಕ್ಕ ಮೊದಲನೆಯ ಯಂತ್ರವಾದ ಮ್ಯಾಗ್ನಾವಾಕ್ಸ್ ಒಡಿಸ್ಸಿಯು ಅಮೆರಿಕಾ ದೇಶದಲ್ಲಿ ಮಾರಾಟಕ್ಕೆ ಬಂದುದು 1972ನೆಯ ಇಸವಿಯಲ್ಲಿ. ಅಂದು ಪರದೆಯ ಮೇಲೆ ಓಡಾಡುವ ಕೆಲವು ಬಿಳಿಯ ಚುಕ್ಕೆಗಳಷ್ಟೇ ಆಗಿದ್ದ ಈ ವಿನೋದವು ಇಂದು ಕಥೆ, ಚಿತ್ರ, ಸಂಗೀತ, ಸಂಭಾಷಣೆಗಳು ಒಂದೆಡೆ ಕೂಡಿದ ಕೃತಿಯಾಗಿ ಬೆಳೆದಿದೆ. ಕೃತಿಯೆಂದ ಮೇಲೆ ಅದು ಉಳಿಯುವುದು ಹೇಗೆ, ಅಳಿಯುವುದು ಹೇಗೆ ಎಂಬ ವಿಚಾರವು ಬಂದೇ ಬರುತ್ತದೆ.

ಕೋಟಿಗಟ್ಟಲೆ ಹಣ ತರುವ ಆಟಗಳ ವಿಷಯದಲ್ಲಿ ಚಿಂತೆ ಕಡಿಮೆ. ಲಾಭವಿರುವವರೆಗೆ ಅವುಗಳ ಒಡೆಯರೇ ಅವನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಮತ್ತೆ ಮತ್ತೆ ಪ್ರಕಟಿಸುತ್ತಾರೆ. ಕೆಲವೇ ಸಾವಿರ ರಸಿಕರು ಮೆಚ್ಚಿ ಆಡುವ ಆಟಗಳ ಗತಿ ಬೇರೆ. ನಾಲ್ಕಾರು ಜನರು ಸೇರಿ ವರ್ಷಗಟ್ಟಲೆ ದುಡಿದು ರಚಿಸಿದ ಅಂಥ ಆಟವು ಒಮ್ಮೆ ಅಂಗಡಿಯಿಂದ ಮರೆಯಾಯಿತೆಂದರೆ ಅದನ್ನು ಹುಡುಕಿ ತರುವ ಆಸಕ್ತಿಯು ವರ್ತಕರಲ್ಲಿ ಅಪರೂಪ. ಇಂಥ ಆಟಗಳನ್ನು ಡಿಸ್ಕ್ ಎಂಬ ತಟ್ಟೆಯ ರೂಪದಲ್ಲಿ ಪ್ರಕಟಿಸುವುದು ಲೇಸೋ, ಅಂತರ್ಜಾಲದ ಮೂಲಕ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುವುದು ಲೇಸೋ ಎಂಬ ವಾದವು ಬಹುಕಾಲದಿಂದ ನಡೆದಿದೆ. ಆ ವಾದದ ಹಿಂದಿರುವ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ತಿಳಿಯಬರುವ ತತ್ತ್ವವೇನೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆರಂಭದಲ್ಲಿ ಆಟಗಳು ಕಾರ್ಟ್ರಿಜ್ ಎಂಬ ಸಣ್ಣ ಪೆಟ್ಟಿಗೆಗಳಲ್ಲಿ ಬರುತ್ತಿದ್ದುವು. 1976ರ ಫೇರ್‌ಚೈಲ್ಡ್ ಚಾನೆಲ್ ಎಫ್, 1977ರ ಅಟಾರಿ ಮೊದಲಾದ ಯಂತ್ರಗಳಲ್ಲಿ ಈ ಕ್ರಮವೇ ಇದ್ದಿತು. ಪೆಟ್ಟಿಗೆಯೊಳಗಿನ ಚಿಪ್ಪಿನಲ್ಲಿ ಆಟವು ಅಳಿಯದಂತೆ ಬರೆದಿರುತ್ತಿತ್ತು. ಯಂತ್ರಕ್ಕೆ ಸಿಕ್ಕಿಸಿದೊಡನೆ ಆಡಬಹುದಾಗಿತ್ತು. ಆದರೆ ಪ್ರತಿಯೊಂದು ಪೆಟ್ಟಿಗೆಗೂ ಚಿಪ್ಪಿನ ವೆಚ್ಚ ತಗಲುತ್ತಿದ್ದುದಲ್ಲದೆ, ಅದರಲ್ಲಿ ಹಿಡಿಸುತ್ತಿದ್ದ ವಿಷಯವೂ ಅಲ್ಪ. ಜಪಾನಿನ ನಿಂಟೆಂಡೊ ಕಂಪೆನಿಯ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದ ಅತಿ ದೊಡ್ಡ ಕಾರ್ಟ್ರಿಜ್‌ಗಳಲ್ಲಿ ಹಿಡಿಸುತ್ತಿದ್ದುದು 6 ಮೆಗಾಬೈಟು ಮಾತ್ರ. ಅದೇ ದೇಶದಲ್ಲಿ 1988ರಲ್ಲಿ ಪಿಸಿ ಎಂಜಿನ್ ಎಂಬ ಯಂತ್ರಕ್ಕೆ ಸಿಡಿಯನ್ನು ಓದುವ ಉಪಕರಣವು ಸೇರಿತು. 1994ರ ಡಿಸೆಂಬರ್ 3ರಂದು ಸೋನಿ ಕಂಪೆನಿಯ ಪ್ಲೇಸ್ಟೇಷನ್ ಬಂದಿತು. ಒಂದು ಸಿಡಿಯಲ್ಲಿ ಸುಮಾರು 650 ಮೆಗಾಬೈಟು ಹಿಡಿಸುವುದರಿಂದ ನೂರು ಪಾಲಿಗೂ ಮಿಕ್ಕ ಅವಕಾಶವು ಒಮ್ಮೆಲೇ ದೊರೆಯಿತು.

ಸಿಡಿಯನ್ನು ಮಾಡುವ ಬಗೆಯು ಪುಸ್ತಕದ ಮುದ್ರಣವನ್ನು ಹೋಲುತ್ತದೆ. ಗಾಜಿನ ಮೂಲಫಲಕದಿಂದ ಲೋಹದ ಅಚ್ಚನ್ನು ತೆಗೆದು, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಒತ್ತಿ, ಅಲ್ಯೂಮಿನಿಯಮ್ಮಿನ ತೆಳ್ಳನೆಯ ಪದರವನ್ನು ಹಚ್ಚಿ, ಮೇಲೆ ರಕ್ಷಣೆಯ ಲೇಪವನ್ನು ಕೊಡುತ್ತಾರೆ. ಮೊದಲ ಅಚ್ಚಿಗೆ ವೆಚ್ಚವುಂಟು. ಅನಂತರದ ಪ್ರತಿಗಳು ಅಗ್ಗ. ಈ ಅನುಕೂಲದಿಂದ ಹೊಸ ಬಗೆಯ ಪ್ರಯೋಗಗಳಿಗೆ ಧೈರ್ಯ ಬಂದಿತು. ಆದರೆ ಮುದ್ರಣಕ್ಕೆ ಇರುವ ತೊಡಕೂ ಇದರ ಬೆನ್ನಿಗೇ ಬಂದಿತು. ಸಾವಿರಾರು ಪ್ರತಿಗಳನ್ನು ಒತ್ತಿಸದೆ ಲೆಕ್ಕ ಸರಿಹೋಗದು. ಒತ್ತಿಸಿದ ಮೇಲೆ ಅವು ಅಂಗಡಿಯ ಅಟ್ಟದಲ್ಲಿ ಉಳಿದುಬಿಟ್ಟರೆ ಸಣ್ಣ ಪ್ರಕಾಶಕನು ತಲೆಯೆತ್ತುವಂತಿಲ್ಲ. ಇದರ ಫಲವನ್ನು 1998ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ಬಂದ ಎರಡು ಆಟಗಳಲ್ಲಿ ಕಾಣಬಹುದು. ನಾಲ್ಕು ಸಿಡಿಗಳ ‘ಪ್ಯಾಂಜರ್ ಡ್ರಾಗೂನ್ ಸಾಗಾ’ ಎಂಬುದು ಪಾಶ್ಚಾತ್ಯ ದೇಶಗಳಲ್ಲಿ ಆ ಯಂತ್ರವೇ ಅವಸಾನದಲ್ಲಿದ್ದಾಗ ಸ್ವಲ್ಪ ಪ್ರತಿಗಳಲ್ಲಿ ಮಾತ್ರ ಹೊರಬಿದ್ದು, ಮುಂದೆ ಇಪ್ಪತ್ತೈದು ವರ್ಷ ಕಳೆದರೂ ಪುನಃಪ್ರಕಟಣೆಯನ್ನು ಕಾಣಲಿಲ್ಲ. ‘ರೇಡಿಯಂಟ್ ಸಿಲ್ವರ್‌ಗನ್’ ಎಂಬುದಕ್ಕೆ ಜಪಾನಿನಿಂದಾಚೆಗೆ ತಟ್ಟೆಯೇ ಹೊರಡಲಿಲ್ಲ. ಹಳೆಯ ಪ್ರತಿಗಳ ಬೆಲೆ ಏರುತ್ತಾ ಹೋಯಿತು. ಕೊನೆಗೆ 2011ರಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರದ ಅಂಗಡಿಯಲ್ಲಿ ಡೌನ್‌ಲೋಡ್ ರೂಪದಿಂದ ದೊರೆತಾಗ ಇತರ ದೇಶಗಳ ಸಾಮಾನ್ಯ ರಸಿಕರಿಗೂ ಅದು ಕೈಗೆಟುಕಿತು. ಡೌನ್‌ಲೋಡಿನ ಉಪಕಾರವನ್ನು ಮರೆತು ಮಾತನಾಡುವುದು ನ್ಯಾಯವಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಪೆಟ್ಟಿಗೆಯಿಲ್ಲದೆ ಆಟವನ್ನು ಮನೆಗೆ ಮುಟ್ಟಿಸುವ ಪ್ರಯತ್ನವೂ ಹಳೆಯದೇ. 1995ರ ಏಪ್ರಿಲಿನಲ್ಲಿ ನಿಂಟೆಂಡೊ ಕಂಪೆನಿಯು ಸ್ಯಾಟೆಲ್ಲಾವ್ಯೂ ಎಂಬ ಉಪಕರಣವನ್ನು ಹೊರತಂದು, ಉಪಗ್ರಹದ ಮೂಲಕ ಗೊತ್ತಾದ ವೇಳೆಯಲ್ಲಿ ಆಟಗಳನ್ನು ಪ್ರಸಾರಮಾಡತೊಡಗಿತು. ಅದೇ ವರ್ಷ ‘ಜೆಲ್ಡಾ’ ಕಥೆಯ ಒಂದು ಆಟವು ವಾರಕ್ಕೊಂದರಂತೆ ನಾಲ್ಕು ಭಾಗಗಳಲ್ಲಿ ಪ್ರಸಾರವಾಯಿತು. ಪಾತ್ರಗಳ ಮಾತು ಆಕಾಶವಾಣಿಯಂತೆ ಆ ವೇಳೆಯಲ್ಲಿಯೇ ಕೇಳಿಬರುತ್ತಿತ್ತು. ಆಟದೊಡನೆ ಯಂತ್ರದಲ್ಲಿ ನಿಲ್ಲುತ್ತಿರಲಿಲ್ಲ. 2000ದ ಜೂನ್ 30ರಂದು ಪ್ರಸಾರವು ನಿಂತಿತು. ಅಭಿಮಾನಿಗಳು ತಮ್ಮ ಸ್ಮೃತಿಪೆಟ್ಟಿಗೆಗಳಲ್ಲಿ ಉಳಿಸಿಕೊಂಡಿದ್ದುದೂ, ತಾವೇ ಟೇಪುಗಳಲ್ಲಿ ಹಿಡಿದಿಟ್ಟ ಧ್ವನಿಯೂ ದೊರೆತುದರಿಂದ ಆ ಆಟದ ಸ್ವರೂಪವನ್ನು ಇಂದು ಊಹಿಸಬಹುದಾಗಿದೆ. ಪ್ರತಿಯಿಲ್ಲದ ಕೃತಿಗೆ ಒದಗುವ ವಿಪತ್ತಿನ ಮುನ್ಸೂಚನೆ ಅದಾಗಿತ್ತು.

ಅಂತರ್ಜಾಲವು ವೇಗವಾಗಿ ಹಬ್ಬಿದ ಮೇಲೆ ಡೌನ್‌ಲೋಡ್ ಅಂಗಡಿಗಳು ಸ್ಥಿರವಾಗಿ ನೆಲೆನಿಂತುವು. 2003ರ ಸೆಪ್ಟೆಂಬರಿನಲ್ಲಿ ವಾಲ್ವ್ ಕಂಪೆನಿಯ ಸ್ಟೀಮ್ ಆರಂಭವಾಯಿತು. 2006ರಲ್ಲಿ ಪ್ಲೇಸ್ಟೇಷನ್ ಅಂಗಡಿಯೂ ವೀ ಯಂತ್ರದ ಅಂಗಡಿಯೂ ತೆರೆದುವು. 2008ರಲ್ಲಿ ವೀವೇರ್ ಎಂಬ ಹೆಸರಿನಿಂದ, 40 ಮೆಗಾಬೈಟಿಗೆ ಮೀರದ ಸಣ್ಣ ಹೊಸ ಆಟಗಳಿಗಾಗಿ ಬೇರೆ ವಿಭಾಗವೇ ಏರ್ಪಟ್ಟಿತು. ಅಚ್ಚಿನ ವೆಚ್ಚವಿಲ್ಲ, ಸಾಗಣೆಯಿಲ್ಲ, ಮಾರಾಟವಾಗದ ಪ್ರತಿಗಳ ಹೊರೆಯಿಲ್ಲ. ಇಬ್ಬರು ಮೂವರು ಸೇರಿ ಮಾಡಿದ ಆಟವೂ ಲೋಕದ ಮೂಲೆಮೂಲೆಗೆ ತಲಪುವಂತಾಯಿತು. ಸಣ್ಣ ಆಟಗಳ ಈಚಿನ ಏಳಿಗೆಯೆಲ್ಲವೂ ಬಹುಮಟ್ಟಿಗೆ ಈ ಅಂಗಡಿಗಳ ಫಲವೆಂದೇ ಹೇಳಬೇಕು.

ಆದರೆ ತೆರೆದ ಅಂಗಡಿಗೆ ಮುಚ್ಚುವ ದಿನವೂ ಉಂಟಷ್ಟೆ. ವೀ ಅಂಗಡಿಯು 2019ರ ಜನವರಿ 30ರಂದು ಮುಚ್ಚಿತು. ವೀ ಯು ಮತ್ತು 3ಡಿಎಸ್ ಯಂತ್ರಗಳ ಅಂಗಡಿಗಳಲ್ಲಿ 2023ರ ಮಾರ್ಚ್ 27ರಂದು ಮಾರಾಟ ನಿಂತಿತು. ಎಕ್ಸ್‌ಬಾಕ್ಸ್ 360ರ ಅಂಗಡಿಯು 2024ರ ಜುಲೈ 29ರಂದು ಮುಚ್ಚಿತು. ಆ ಅಂಗಡಿಗಳಲ್ಲಿ ಮಾತ್ರ ದೊರೆಯುತ್ತಿದ್ದ ಆಟಗಳನ್ನು ಅಂದಿನಿಂದ ಹೊಸಬರು ಧರ್ಮವಾಗಿ ಪಡೆಯುವ ದಾರಿ ಇಲ್ಲವಾಯಿತು. ಅಂಗಡಿ ತೆರೆದಿದ್ದಾಗಲೂ ಆಟ ಮರೆಯಾಗಬಹುದು. ‘ಸ್ಕಾಟ್ ಪಿಲ್‌ಗ್ರಿಮ್’ ಎಂಬ ಚಿತ್ರಕಥೆಯನ್ನು ಅನುಸರಿಸಿ ಯೂಬಿಸಾಫ್ಟ್ ಕಂಪೆನಿಯು 2010ರಲ್ಲಿ ಡೌನ್‌ಲೋಡ್ ರೂಪದಲ್ಲಿ ಮಾತ್ರ ಪ್ರಕಟಿಸಿದ ಆಟವು 2014ರ ಡಿಸೆಂಬರಿನಲ್ಲಿ ಅಂಗಡಿಗಳಿಂದ ತೆಗೆಯಲ್ಪಟ್ಟಿತು. ತಟ್ಟೆಯೆಂಬುದು ಇರಲೇ ಇಲ್ಲವಾದ್ದರಿಂದ ಹಳೆಯ ಪ್ರತಿಯನ್ನು ಕೊಳ್ಳುವ ಮಾತೂ ಇರಲಿಲ್ಲ. ಆರು ವರ್ಷ ಅಭಿಮಾನಿಗಳು ಬೇಡಿದ ಮೇಲೆ 2021ರ ಜನವರಿಯಲ್ಲಿ ಅದು ಮರಳಿ ಬಂದಿತು. ಇಷ್ಟು ಬೇಡುವವರಿಲ್ಲದ ಆಟಗಳ ಪಾಡನ್ನು ವಾಚಕರೇ ಊಹಿಸಬಹುದು.

ಇಲ್ಲಿ ಸ್ವತ್ವದ ಪ್ರಶ್ನೆಯು ಏಳುತ್ತದೆ. ಸ್ವತ್ವವೆಂಬುದು ಶಾಸ್ತ್ರದಿಂದಲೇ ತಿಳಿಯತಕ್ಕದ್ದೋ, ಲೋಕವ್ಯವಹಾರದಿಂದಲೇ ಸಿದ್ಧವಾದುದೋ ಎಂದು ವಿಚಾರಿಸಿ, ಅದು ಲೌಕಿಕವೇ ಎಂದು ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ನಿರ್ಣಯಿಸಿದ್ದಾನೆ. ಲೋಕದಲ್ಲಿ ಹಣ ತೆತ್ತು ಕೊಂಡ ವಸ್ತುವನ್ನು ತನಗೆ ಇಷ್ಟಬಂದಂತೆ ವಿನಿಯೋಗಿಸಬಹುದೆಂಬ ನಂಬಿಕೆಯುಂಟು: ಇಟ್ಟುಕೊಳ್ಳಬಹುದು, ಕೊಡಬಹುದು, ಮಾರಬಹುದು. ಈ ನಂಬಿಕೆಯನ್ನೇ ಅಮೆರಿಕದ ಪರಮೋಚ್ಚ ನ್ಯಾಯಾಲಯವು 1908ರಲ್ಲಿ ಪುಸ್ತಕವೊಂದರ ವ್ಯಾಜ್ಯದಲ್ಲಿ ಎತ್ತಿಹಿಡಿಯಿತು. ಮೊದಲ ಮಾರಾಟವಾದ ಮೇಲೆ ಆ ಪ್ರತಿಯ ಮರುಮಾರಾಟದ ಬೆಲೆಯನ್ನು ಪ್ರಕಾಶಕನು ಕಟ್ಟುಮಾಡುವಂತಿಲ್ಲವೆಂದು ತೀರ್ಪಾಯಿತು. ಜಪಾನಿನ ಪರಮೋಚ್ಚ ನ್ಯಾಯಾಲಯವು 2002ರಲ್ಲಿ, ಬಳಸಿದ ಆಟದ ತಟ್ಟೆಗಳನ್ನು ಮಾರುವುದು ಧರ್ಮಸಮ್ಮತವೆಂದು ತೀರ್ಮಾನಿಸಿತು. ಡೌನ್‌ಲೋಡ್ ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವುದಾದರೋ ವಸ್ತುವಲ್ಲ, ಅನುಜ್ಞೆ. ಗುಂಡಿಯ ಮೇಲೆ ‘ಕೊಳ್ಳಿ’ ಎಂದಿರುತ್ತದೆ. ಕರಾರಿನಲ್ಲಿ ಬೇರೆ ಅರ್ಥವಿರುತ್ತದೆ. ಈ ಅಂತರವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯವು ಮಾಡಿದ ಶಾಸನವು 2025ರ ಜನವರಿ 1ರಿಂದ ಜಾರಿಗೆ ಬಂದಿತು. ಶಾಶ್ವತವಾಗಿ ಇಳಿಸಿಟ್ಟುಕೊಂಡು ಅಂತರ್ಜಾಲದ ಹಂಗಿಲ್ಲದೆ ಬಳಸಬಹುದಾದ ಸರಕುಗಳಿಗೆ ಆ ಶಾಸನವು ವಿನಾಯಿತಿಯನ್ನು ಕೊಟ್ಟಿರುವುದು ಗಮನಾರ್ಹ.

ಡೌನ್‌ಲೋಡಿನ ಅಸ್ಥಿರತೆಯನ್ನು ಕಂಡ ರಸಿಕರಲ್ಲಿ ತಟ್ಟೆಯ ಆಸೆಯು ಮರಳಿ ಹುಟ್ಟಿತು. ಅಮೆರಿಕದಲ್ಲಿ 2015ರಲ್ಲಿ ಸ್ಥಾಪಿತವಾದ ಲಿಮಿಟೆಡ್ ರನ್ ಗೇಮ್ಸ್ ಎಂಬ ಸಂಸ್ಥೆಯು ಡೌನ್‌ಲೋಡಿನಲ್ಲಿ ಮಾತ್ರವಿದ್ದ ‘ಬ್ರೀಚ್ ಅಂಡ್ ಕ್ಲಿಯರ್’ ಎಂಬ ಆಟವನ್ನು ಪ್ಲೇಸ್ಟೇಷನ್ ವೀಟಾ ಎಂಬ ಕೈಯಂತ್ರಕ್ಕಾಗಿ 1,500 ಪ್ರತಿಗಳಲ್ಲಿ ಹೊರತಂದಿತು. ಎರಡು ಗಂಟೆ ಕಳೆಯುವಷ್ಟರಲ್ಲಿ ಎಲ್ಲವೂ ಮಾರಿಹೋದುವು. ಇಂಗ್ಲೆಂಡಿನ ಸೂಪರ್ ರೇರ್ ಗೇಮ್ಸ್, ಜರ್ಮನಿಯ ಸ್ಟ್ರಿಕ್ಟ್ಲಿ ಲಿಮಿಟೆಡ್ ಗೇಮ್ಸ್ ಮೊದಲಾದ ಸಂಸ್ಥೆಗಳೂ ಇದೇ ಮಾರ್ಗವನ್ನು ಹಿಡಿದುವು. ನಮ್ಮ ಹಿಂದಿನ ಪ್ರಕಾಶಕರು ಚಂದಾದಾರರ ಹೆಸರುಗಳನ್ನು ಕೂಡಿಹಾಕಿಕೊಂಡು ಗ್ರಂಥವನ್ನು ಅಚ್ಚಿಗೆ ಕೊಡುತ್ತಿದ್ದಂತೆ, ಮೊದಲೇ ಹಣ ಪಡೆದು ಬೇಡಿಕೆಯಿದ್ದಷ್ಟೇ ಪ್ರತಿಗಳನ್ನು ಮಾಡಿಸುವ ಕ್ರಮವೂ ಬಳಕೆಗೆ ಬಂದಿತು. ಸಣ್ಣ ಆಟಕ್ಕೆ ಇದು ತಕ್ಕ ಉಪಾಯ.

ದೋಷಗಳೂ ಇಲ್ಲದಿಲ್ಲ. ಮಿತವಾದ ಪ್ರತಿಯೆಂಬ ಕಾರಣದಿಂದಲೇ ಅನೇಕರು ಅದನ್ನು ಬಿಚ್ಚದೆ ಇಟ್ಟು, ಬೆಲೆ ಏರುವುದನ್ನು ಕಾಯುತ್ತಾರೆ. ತಟ್ಟೆಯನ್ನು ಒತ್ತಿದ ಮೇಲೆ ಮಾಡಿದ ತಿದ್ದುಪಡಿಗಳು ಅದರಲ್ಲಿ ಇರುವುದಿಲ್ಲ. ತಟ್ಟೆಯ ಲೋಹದ ಪದರಕ್ಕೆ ಗಾಳಿ ತಗಲಿದರೆ ಅದು ಕೆಡುವುದೂ ಉಂಟು.

ಇವೆಲ್ಲಕ್ಕಿಂತ ದೊಡ್ಡ ದೋಷವೊಂದು ಈಚೆಗೆ ತೋರಿಬಂದಿದೆ. ‘ದಿ ಕ್ರೂ’ ಎಂಬ ವಾಹನಸ್ಪರ್ಧೆಯ ಆಟವು 2014ರಲ್ಲಿ ತಟ್ಟೆಯ ರೂಪದಲ್ಲಿಯೂ ಮಾರಾಟವಾಗಿದ್ದಿತು. ಆದರೆ ಕಂಪೆನಿಯ ಸರ್ವರಿನ ಸಂಪರ್ಕವಿಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಆ ಸರ್ವರು ನಿಂತಿತು. ಮನೆಯ ಕಪಾಟಿನಲ್ಲಿ ತಟ್ಟೆಯಿದೆ, ಯಂತ್ರವಿದೆ, ಆಟವಿಲ್ಲ. ಮರುತಿಂಗಳೇ ಆರಂಭವಾದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿಯಿಂದ ಹುಟ್ಟಿದ ಯೂರೋಪಿನ ಪ್ರಜೆಗಳ ಮನವಿಗೆ 2025ರ ಜುಲೈ ತಿಂಗಳಲ್ಲಿ ಸಹಿಗಳು ಹತ್ತು ಲಕ್ಷವನ್ನು ಮೀರಿದುವು. ಅದೇ 2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2 ಯಂತ್ರದಲ್ಲಿ ‘ಗೇಮ್-ಕೀ ಕಾರ್ಡ್’ ಎಂಬ ಹೊಸ ಬಗೆಯೊಂದು ಕಾಣಿಸಿಕೊಂಡಿತು. ಪೆಟ್ಟಿಗೆಯುಂಟು, ಅದರೊಳಗೆ ಕಾರ್ಡೂ ಉಂಟು. ಕಾರ್ಡಿನಲ್ಲಿರುವುದು ಬೀಗದ ಕೈ ಮಾತ್ರ. ಆಟವನ್ನು ಅಂತರ್ಜಾಲದಿಂದಲೇ ಇಳಿಸಿಕೊಳ್ಳಬೇಕು. ಇಂಥ ಕಾರ್ಡನ್ನು ಮಾರಬಹುದು, ಎರವು ಕೊಡಬಹುದು. ಅಂಗಡಿಯು ಆಟವನ್ನು ಕೊಡುವುದನ್ನು ನಿಲ್ಲಿಸಿದ ಮೇಲೆ ಹೊಸದಾಗಿ ಕೊಂಡವನಿಗೆ ಅದು ಬರಿಯ ಗುರುತಿನ ಬಿಲ್ಲೆ.

ಇದಕ್ಕೆ ಪ್ರತಿಯಾಗಿ, ತಟ್ಟೆಯಿಲ್ಲದೆಯೂ ನಿಜವಾದ ಪ್ರತಿಯನ್ನು ಕೊಡುವ ಅಂಗಡಿಯೂ ಉಂಟು. ಪೋಲೆಂಡ್ ದೇಶದಲ್ಲಿ 2008ರಲ್ಲಿ ಆರಂಭವಾದ ಜಿಒಜಿ ಎಂಬ ಅಂಗಡಿಯಲ್ಲಿ ಕೊಂಡ ಆಟದ ಕಡತವನ್ನು ಪೂರ್ಣವಾಗಿ ಇಳಿಸಿಕೊಂಡು, ಯಾವ ಬೀಗವೂ ಇಲ್ಲದೆ ಸ್ವಂತ ಸಂಗ್ರಹದಲ್ಲಿ ಇಟ್ಟುಕೊಳ್ಳಬಹುದು. ಅಂಗಡಿ ಮುಚ್ಚಿದರೂ ಆ ಕಡತವು ಕೆಲಸಮಾಡುತ್ತದೆ. ಇಂಥ ಕಡತವು ಬೀಗದ ಕೈಯನ್ನು ಮಾತ್ರ ಹೊತ್ತ ಕಾರ್ಡಿಗಿಂತ ತಟ್ಟೆಯ ಧರ್ಮಕ್ಕೆ ಹೆಚ್ಚು ಹತ್ತಿರವಾದುದು.

ಈ ವಿಚಾರವು ಕೇವಲ ಸಂಗ್ರಾಹಕರ ಹವ್ಯಾಸವೆಂದು ತಿಳಿಯಲಾಗದು. ಅಮೆರಿಕದಲ್ಲಿ 2010ಕ್ಕೆ ಹಿಂದೆ ಪ್ರಕಟವಾದ ಆಟಗಳಲ್ಲಿ ನೂರಕ್ಕೆ 13ರಷ್ಟು ಮಾತ್ರ ಅಂಗಡಿಯಲ್ಲಿ ದೊರೆಯುತ್ತವೆಂದು ವೀಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆಯು 2023ರಲ್ಲಿ ಪರಿಶೀಲಿಸಿ ತಿಳಿಸಿತು. ಮಿಕ್ಕವನ್ನು ಕಾಣಬೇಕಾದರೆ ಹಳೆಯ ತಟ್ಟೆ, ಹಳೆಯ ಯಂತ್ರ, ಇಲ್ಲವೆ ಗ್ರಂಥಾಲಯವೇ ಗತಿ. ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯವು ಪುಸ್ತಕಗಳಂತೆಯೇ ಪೆಟ್ಟಿಗೆಯಲ್ಲಿ ಬರುವ ವಿದ್ಯುನ್ಮಾನ ಪ್ರಕಟಣೆಗಳನ್ನೂ 2000ದ ಅಕ್ಟೋಬರಿನಿಂದ ಕಡ್ಡಾಯವಾಗಿ ಪಡೆಯುತ್ತಿದೆ. ಆಟಗಳೂ ಅದರಲ್ಲಿ ಸೇರಿವೆ. ಪೆಟ್ಟಿಗೆಯೇ ಇಲ್ಲದ ಆಟವು ಈ ನಿಯಮದ ಕೈಗೆ ಸಿಕ್ಕುವುದಿಲ್ಲ. ಅಮೆರಿಕದಲ್ಲಿ, ಮಾರಾಟದಲ್ಲಿಲ್ಲದ ಆಟಗಳನ್ನು ದೂರದ ವಿದ್ವಾಂಸರಿಗೆ ಅಂತರ್ಜಾಲದ ಮೂಲಕ ಒದಗಿಸಲು ಗ್ರಂಥಾಲಯಗಳಿಗೆ ಅವಕಾಶಬೇಕೆಂದು ಮಾಡಿದ ಪ್ರಾರ್ಥನೆಯು 2024ರ ಅಕ್ಟೋಬರಿನಲ್ಲಿ ನಿರಾಕರಿಸಲ್ಪಟ್ಟಿತು.

ಈ ಚರಿತ್ರೆಯಿಂದ ತಿಳಿಯಬರುವುದೇನು? ತಟ್ಟೆಯೆಂಬ ವಸ್ತುವಿನಲ್ಲಿಯೇ ಅಮರತ್ವವಿಲ್ಲ. ತಾಳೆಯ ಗರಿಯನ್ನೂ ಹುಳು ತಿನ್ನುತ್ತದೆ. ನಮ್ಮ ಪ್ರಾಚೀನ ಗ್ರಂಥಗಳು ಉಳಿದುದು ಗರಿಯ ಗಟ್ಟಿತನದಿಂದಲ್ಲ. ಪೂರ್ಣವಾದ ಪ್ರತಿಗಳು ಒಬ್ಬರ ಅಪ್ಪಣೆಗೆ ಒಳಪಡದೆ ಅನೇಕ ಮನೆಗಳಲ್ಲಿ, ಮಠಗಳಲ್ಲಿ ಇದ್ದುದರಿಂದಲೂ, ಹಳೆಯದು ಸವೆಯುವ ಮುನ್ನ ಹೊಸದನ್ನು ಬರೆದುಕೊಳ್ಳುವವರು ಇದ್ದುದರಿಂದಲೂ. ಆಟಗಳಿಗೂ ಈ ನ್ಯಾಯವೇ ಸಲ್ಲುತ್ತದೆ. ತಟ್ಟೆಯಾಗಲಿ ಡೌನ್‌ಲೋಡಾಗಲಿ, ಕೊಳ್ಳುವವನು ಮೂರು ಸಂಗತಿಗಳನ್ನು ವಿಚಾರಿಸಬೇಕು: ಕೃತಿಯು ಇದರಲ್ಲಿ ಪೂರ್ಣವಾಗಿದೆಯೆ? ಕಂಪೆನಿಯ ಸರ್ವರು ನಿಂತ ಮೇಲೂ ನಡೆಯುತ್ತದೆಯೆ? ಮತ್ತೊಬ್ಬರ ಕೈಗೆ ದಾಟಿಸಬಹುದೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಪ್ರತಿ. ಬಾರದಿದ್ದರೆ, ಪೆಟ್ಟಿಗೆ ಎಷ್ಟೇ ಚೆಲುವಾಗಿರಲಿ, ಅದು ಅನುಜ್ಞೆ.

ದೊಡ್ಡ ಆಟಗಳಿಗೆ ಒಡೆಯರಿದ್ದಾರೆ. ಸಣ್ಣ ಆಟಗಳಿಗೆ ರಸಿಕರೇ ಗತಿ. ಅವರ ಮನೆಯ ಕಪಾಟುಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ನಿಜವಾದ ಪ್ರತಿಗಳು ಇರುವವರೆಗೆ ಆ ಆಟಗಳು ಮುಂದಿನವರಿಗೆ ಸಿಕ್ಕಾವು. ಎಲ್ಲವೂ ಒಂದೇ ಅಂಗಡಿಯ ಕೀಲಿಯೊಳಗೆ ಸೇರಿದರೆ, ಅಂಗಡಿಯವನು ಬಾಗಿಲಿಕ್ಕಿದ ದಿನ ಕೃತಿಯೊಡನೆ ಅದರ ಕರ್ತೃವಿನ ಶ್ರಮವೂ ಕಣ್ಮರೆಯಾಗುವುದು.